ಮೂರನೇ ದನಿ

ಮುದಗಲ್ಲಿನ ನಮ್ಮ ಕೇರಿಯಲ್ಲಿ ಹೊಲ ಹಂಚಿಕೊಂಡವರಿಲ್ಲ,
ಹಂಚಲು ಹೊಲ ಇದ್ದರಲ್ಲವೆ.
ಹಂಚಿಕೊಂಡದ್ದು ಒಂದು ದೊಡ್ಡ ಪೂಜೆಯ ಹಾಡನ್ನು.
ಮೇಲಿನ ದನಿ ಲೂರ್ದಮ್ಮನ ಮನೆಗೆ,
ಗಂಡು ದನಿ ಬಾವಿಕಟ್ಟೆಯ ಇನ್ನಾಸಪ್ಪನವರಿಗೆ,
ಮಂದ್ರ ಸವರಪ್ಪನಿಗೆ.
ಮೂರನೇದು, ಯಾರೂ ಕೇಳದೆ ಉಳಿದದ್ದು, ನಮಗೆ.
ಮೇಲಿನಿಂದ ಎಣಿಸಿದರೆ ಎರಡನೇದು;
ಅಜ್ಜಿ ಮರ್ಗರೀತಮ್ಮ ಯಾವತ್ತೂ ಕೆಳಗಿನಿಂದಲೇ ಎಣಿಸಿದಳು.

ತಂದವನು ಇಟಲಿಯ ಪಾದ್ರಿ.
ರಾಯಚೂರು ಠೇಸನ್ನಿನಿಂದ ಎತ್ತಿನ ಗಾಡಿಯಲ್ಲಿ ತಗಡಿನ ಪೆಟ್ಟಿಗೆ,
ದಾರಿಯುದ್ದಕ್ಕೂ ಅದರ ಮೇಲೆ ಅವನೇ ಕೂತಿದ್ದನಂತೆ.
ಎರಡು ಮೇಳ, ನೂರು ಗಂಟಲು ಬೇಕೆಂದು ಬರೆದಿತ್ತು.
ಸಿಕ್ಕವರು ಹನ್ನೊಂದು ಜನ,
ತಿದಿ ಹರಿದ ಒಂದು ಹಾರ್ಮೋನಿಯಂ.
ನಗಾರಿ ಎಂದು ಇದ್ದಲ್ಲಿ
ಅಲಾಯಿ ಹಬ್ಬದ ಹಲಗೆ ತಂದು ಕಾಶೀಮಸಾಬ ಬಾರಿಸಿದ,
ಬಾಗಿಲಾಚೆ ನಿಂತು, ಚಪ್ಪಲಿ ಬಿಟ್ಟು.
ಹತ್ತಿ ಮಂಡಿಯ ಲೆಕ್ಕದ ಪುಸ್ತಕದಲ್ಲಿ
ಕನ್ನಡ ಅಕ್ಷರದ ಲತೀನು:
ಜಮಾ ಕಡೆ ಹೆಂಗಸರು, ಖರ್ಚಿನ ಕಡೆ ಗಂಡಸರು.

ಅಜ್ಜಿ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು.
ಅದನ್ನು ಹಾಡೆನ್ನುವುದು ಕಷ್ಟ.
ಒಂದೇ ಸ್ವರ, ಮತ್ತೆ ಅದೇ ಸ್ವರ,
ಒಂದು ಮೆಟ್ಟಿಲು ಇಳಿದು ನೋಡಿ ಹಿಂದಕ್ಕೆ,
ಆಮೇಲೆ ತುಟಿ ಬಿಗಿದು ಎಣಿಕೆ.
ನಲವತ್ತೆಂಟು ಮಾತ್ರೆ. ಅಷ್ಟರಲ್ಲಿ ಎರಡು ರೊಟ್ಟಿ.
ನಡುವೆ ಮಾತಾಡಿಸಿದರೆ ಹಿಟ್ಟಿನ ಕೈಯಲ್ಲೇ ಏಟು:
“ಸುಮ್ನಿರೋದೂ ಅದ್ರಾಗ ಬರದೈತವ್ವ!”

ಸವರಪ್ಪ ಹಟ್ಟಿಯ ಚಿನ್ನದ ಗಣಿಗೆ ಹೋದ,
ಜೊತೆಗೆ ಮಂದ್ರವೂ ಹೋಯಿತು.
ಎರಡು ಸಾವಿರ ಅಡಿ ಕೆಳಗೆ ಕಲ್ಲು ಕೊರೆಯುತ್ತ
ಕ್ರೇದೊ, ಕ್ರೇದೊ ಅನ್ನುತ್ತಿದ್ದನಂತೆ.
ಜೊತೆಯವರು ಅದನ್ನು ಯಾರದೋ ಹೆಸರೆಂದುಕೊಂಡು
ಸಂಬಳದ ದಿನ ಆ ಹೆಂಗಸಿನ ಬಗ್ಗೆ ವಿಚಾರಿಸಿದರು.

ಹಾಡು ಕೊನೆ ಮುಟ್ಟುತ್ತಿರಲಿಲ್ಲ.
ದೋನಾ ನೋಬಿಸ್, ಕೊಡು ನಮಗೆ, ಅಲ್ಲಿಗೆ ಹಾಳೆ ಮುಗಿದು
ಪಾದ್ರಿ ಕೆಮ್ಮಿ, ಗಂಟೆ ಬಾರಿಸಿ ಮುಂದುವರಿಸುತ್ತಿದ್ದರು.
ಏನು ಕೊಡು ಎನ್ನುವುದು ಗೆದ್ದಲ ಹೊಟ್ಟೆಯಲ್ಲಿತ್ತು.
ಪೆಟ್ಟಿಗೆಯನ್ನು ಮಣ್ಣಿನ ಗೋಡೆಗೆ ಒರಗಿಸಿಟ್ಟವನು
ಲೂರ್ದಮ್ಮನ ಗಂಡ.
ಇನ್ನಾಸಪ್ಪನ ಮನೆಯವರು ಹತ್ತೊಂಬತ್ತು ವರ್ಷ
ಅವರ ಮನೆಯ ಬೆಂಕಿ ಸಹ ಇಸಿದುಕೊಳ್ಳಲಿಲ್ಲ.
ಪೂಜೆಯಲ್ಲಿ ಮಾತ್ರ ಇಬ್ಬರ ದನಿ ಕೂಡಬೇಕಾದಲ್ಲಿ ಕೂಡುತ್ತಿತ್ತು,
ಮುಖ ಅತ್ತಿತ್ತ.

ಹೋದ ವರ್ಷ ಬಳ್ಳಾರಿಯಿಂದ ಬ್ರದರ್ ಒಬ್ಬ ಬಂದ,
ಹಾಳೆಗಳ ಫೋಟೊ ಹಿಡಿದ, ಎಲ್ಲೆಲ್ಲಿಗೋ ಕಳಿಸಿದ.
ಗೆದ್ದಲು ತಿಂದದ್ದು ಮೊದಲ ಹಾಳೆಯನ್ನಷ್ಟೇ, ಬರೆದವನ ಹೆಸರನ್ನು.
ಬ್ರದರ್ ಆ ಹೆಸರು ಹೇಳಿದ, ನಮ್ಮ ನಾಲಿಗೆಗೆ ಹತ್ತಲಿಲ್ಲ.
ಕೊನೆ?
ಕೊನೆ ಅವನು ಬರೆದೇ ಇಲ್ಲ.
ಅರ್ಧ ಹಣ ಕೊಟ್ಟಿದ್ದ ಬಿಷಪ್ಪು ತೀರಿಕೊಂಡ,
ಇವನು ಅರ್ಧಕ್ಕೆ ನಿಲ್ಲಿಸಿ ಒಂದು ಕುದುರೆ ಕೊಂಡ.
ಹನ್ನೊಂದು ವರ್ಷ ಬದುಕಿದ್ದ ಆಮೇಲೆ.
ಸತ್ತ ನಂತರ ಮೂವರು ಮೂರು ಕೊನೆ ಬರೆದಿದ್ದಾರೆ,
ಯಾವುದು ಬೇಕೋ ತರಿಸೋಣ ಎಂದ ಬ್ರದರ್.

ಲೂರ್ದಮ್ಮ ಸೆರಗು ಬಾಯಿಗೆ ತುರುಕಿ ಅತ್ತಳು.
ಇನ್ನಾಸಪ್ಪನ ಮಗ ಎದ್ದು ಹೋಗಿ
ಹಾದಿ ಮೇಲಿನ ಗೂಡಂಗಡಿಯಿಂದ ಅವಳಿಗೊಂದು ಸೋಡಾ ತಂದ.
ಅಜ್ಜಿ ಕೇಳಿದ್ದು ಇಷ್ಟೇ:
“ತುದೀಗೆ ಅವ ಸುಮ್ನಿರೋ ಗುರ್ತು ಹಾಕ್ಯಾನೋ ಇಲ್ಲೋ?”
ಇಲ್ಲಜ್ಜಿ. ಐದು ಗೆರೆ, ಖಾಲಿ.
“ಹಂಗಾರ ಮುಗಿದಿಲ್ಲ. ಎಣಿಸಬೇಕು.”

ಈಗ ರೊಟ್ಟಿ ನನ್ನದು. ಹಂಚೂ ಅವಳದೇ.
ಮೂರು ಕೊನೆಗಳೂ ಅಂಚೆಯಲ್ಲಿ ಬಂದಿವೆ,
ಜೋಳದ ಡಬ್ಬಿಯ ಮೇಲಿವೆ, ಲಕೋಟೆ ಒಡೆದಿಲ್ಲ.
ಎಷ್ಟನೇ ಮಾತ್ರೆಗೆ ಬಾಯಿ ತೆರೆಯಬೇಕೋ ತಿಳಿಯದು.
ಇನ್ನೂರ ಹನ್ನೆರಡು.
ರೊಟ್ಟಿ ಒಂದು ಮೂಲೆಯಲ್ಲಿ ಉಬ್ಬುತ್ತಿದೆ.
ಇನ್ನೂರ ಹದಿಮೂರು.