ಹಿಂದಲೆ

ಶಿಡ್ಲಘಟ್ಟದ ಟಾಕೀಸಿನ ಕ್ಯಾಬಿನ್ನಿಗೆ
ಅಂಗೈಯಗಲದ ಎರಡು ಕಿಂಡಿ.
ಒಂದರಿಂದ ಬೆಳಕು ಹೋಗುತ್ತದೆ,
ಇನ್ನೊಂದರಿಂದ ನಾವು ನೋಡುತ್ತೇವೆ.
ಪ್ಯಾರೇಜಾನ್ ಚಾಚಾನ ಕೈಕೆಳಗೆ
ಏಳು ವರ್ಷ ರೀಲು ಸುತ್ತಿದವನು ನಾನು.
ಯಾರ ಮುಖವನ್ನೂ ಕಂಡವನಲ್ಲ. ಕಂಡದ್ದೆಲ್ಲ ಹಿಂದಲೆ:
ತುರುಬು, ಟೋಪಿ, ಬೋಳು, ಬಾಡಿದ ಕನಕಾಂಬರ,
ಎಣ್ಣೆಯಲ್ಲಿ ಮಿಂಚುವ ಮಕ್ಕಳ ಸುಳಿ.

ಅಳು ಹಿಂದಿನಿಂದ ಹೇಗೆ ಕಾಣುತ್ತದೆ ಗೊತ್ತೆ?
ಕುತ್ತಿಗೆ ಒಂದಿಷ್ಟು ಗಿಡ್ಡವಾಗುತ್ತದೆ.
ಬೀಡಿ ತುಟಿಗೆ ಹೋಗದೆ
ಬೆರಳ ನಡುವೆ ತಾನೇ ಉರಿಯುತ್ತದೆ.
ಕಡಲೆಕಾಯಿ ಸಿಪ್ಪೆಯ ಚಟಪಟ
ಯಾರೋ ನಲ್ಲಿ ತಿರುಗಿಸಿದಂತೆ ನಿಲ್ಲುತ್ತದೆ.
ನಗು ಸುಲಭ. ಅದನ್ನು ಬೆಂಚುಗಳೇ ಹೇಳಿಬಿಡುತ್ತವೆ.

ಆ ಚಿತ್ರಕ್ಕೆ ಒಂಬತ್ತನೇ ವಾರ.
ಮೂರನೇ ರೀಲಿನಲ್ಲಿ ಅಕ್ಕ
ಇದ್ದದ್ದನ್ನೆಲ್ಲ ತಮ್ಮಂದಿರಿಗೆ ಬಡಿಸಿ
ಹಿತ್ತಲಿಗೆ ಬಂದು
ತಾನು ಉಣ್ಣದ ತಟ್ಟೆಯನ್ನು ತೊಳೆಯುತ್ತಾಳೆ,
ನೀರಿನ ಸದ್ದು ಒಳಗೆ ಕೇಳಲೆಂದು.
ಅಷ್ಟೇ. ಮಾತಿಲ್ಲ. ಪಿಟೀಲೂ ಇಲ್ಲ.

ಮಂಗಳವಾರ ಮೊದಲನೇ ಆಟದಲ್ಲಿ
ಅದೇ ಜಾಗಕ್ಕೆ ಮಿಶನ್ನು ಹಲ್ಲು ಹಾಕಿತು.
ಚಾಚಾ ಬ್ಲೇಡಿನಲ್ಲಿ ಕೊಯ್ದ, ಸಿಮೆಂಟು ಸವರಿದ, ಊದಿದ.
ನಲವತ್ತಡಿಯ ಸುರುಳಿ ನನ್ನ ಚಡ್ಡಿಯ ಜೇಬಿಗೆ ಬಂತು.

ಎರಡನೇ ಆಟ. ಅಕ್ಕ ಬಡಿಸಿದಳು.
ಮರುಕ್ಷಣವೇ ಬೆಳಗಾಯಿತು, ಪೋಸ್ಟ್‌ಮ್ಯಾನ್ ಬಂದ.
ತಟ್ಟೆಯೇ ಇಲ್ಲ.
ಆದರೂ
ಕುತ್ತಿಗೆಗಳು ಗಿಡ್ಡವಾದವು.
ಕಿಂಡಿಗೆ ಹಣೆಯೊತ್ತಿ ನೋಡಿದೆ.
ಸಿಪ್ಪೆಯ ಸದ್ದಿರಲಿಲ್ಲ.
ಬೆಂಚು ಕ್ಲಾಸಿಗೆ ಬೆಂಚು ಕ್ಲಾಸೇ
ಪೋಸ್ಟ್‌ಮ್ಯಾನಿನ ಎದುರು ಅಳುತ್ತಿತ್ತು,
ಅವನು ಪಾಪ, ಹಲ್ಲು ಕಿರಿಯುತ್ತ
ಮನಿಯಾರ್ಡರ್ ಎಣಿಸುತ್ತಿದ್ದ.

ಗೇಟಿನಲ್ಲಿ ಮುನಿಯಲ್ಲಮ್ಮ ತಡೆದಳು.
ರೇಷ್ಮೆ ಬಿಚ್ಚಾಣಿಕೆಯವಳು; ಬೆರಳ ತುದಿಗಳು
ಕುದಿನೀರಲ್ಲಿ ಅದ್ದಿ ಅದ್ದಿ ಬಿಳಿಚಿದ್ದವು,
ಸೆರಗಿಗೆ ಬೆಂದ ಹುಳದ ವಾಸನೆ.
"ತಟ್ಟೆ ಎಲ್ಲೋ ಮಗಾ?"
ಹರಿದೋಯ್ತು ಅಂದೆ.
"ಹರೀಲಿ ಬಿಡು. ಇವತ್ತು ನಾನೇ ತೊಳೆದೆ."

ಚಾಚಾನಿಗೆ ಹೇಳಿದೆ. ಅವನು ನಗಲಿಲ್ಲ.
ಕಾರ್ಬನ್ ಕಡ್ಡಿ ಬದಲಿಸುತ್ತ ಕೇಳಿದ:
"ಎಳೆ ಗೂಡಿನಿಂದ ಬರ್ತದೋ,
ಚರಕ ತಿರುಗಿಸೋಳ ತೋಳಿನಿಂದ ಬರ್ತದೋ?"
ನನಗಾಗ ಹದಿಮೂರು. ಗೂಡಿನಿಂದ ಅಂದೆ.
"ಹಂಗಾದ್ರೆ ಮಾರ್ಕೆಟ್ಟಲ್ಲಿ ರಾಶಿ ಬಿದ್ದಿರೋ ಗೂಡು
ಯಾಕೆ ಬಾಯೇ ಬಿಡಲ್ಲ?"
ಆಮೇಲೆ, ತನ್ನ ಮಾತು ತನಗೇ ಪೂರ್ತಿ ಒಪ್ಪದೆ,
ಕೆಮ್ಮಿದ. "ಹುಳ ಒಂದು ಸಾಯಬೇಕು, ಅದು ಖರೆ."

ಈಗ ಟಾಕೀಸು ಗೂಡಿನ ಗೋದಾಮು.
ಕಿಂಡಿಗಳಿಗೆ ಗಾರೆ ಮೆತ್ತಿದ್ದಾರೆ.
ಮೊನ್ನೆ ಟ್ರಂಕಿನ ತಳದಲ್ಲಿ ಸುರುಳಿ ಸಿಕ್ಕಿತು,
ವಿನೆಗರ್ ವಾಸನೆ, ಅಂಚು ಮುರುಟಿ.
ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ.
ಆರುನೂರ ನಲವತ್ತು ಪುಟ್ಟ ಚೌಕ,
ಆರುನೂರ ನಲವತ್ತು ಕೈ, ತಟ್ಟೆ,
ಯಾವುದರಲ್ಲೂ ಕೆಳಗೆ ಬೀಳದ ನೀರು.
ಭೂತಗನ್ನಡಿ ಇಟ್ಟು ಹುಡುಕಿದೆ.
ಅಳುವಂಥದ್ದು ಒಂದರಲ್ಲೂ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ
ನಲ್ಲಿ ಬಿಟ್ಟರು, ಸ್ಟೀಲು ತಟ್ಟೆಯ ಮೇಲೆ.

ನನ್ನ ಬೆನ್ನ ಹಿಂದೆ ಗೋಡೆಯಿತ್ತು,
ಕಿಂಡಿಯಿಲ್ಲದ ಗೋಡೆ.