ಇದು ಯಾವ ಜಾತಿ?

ಶೆಫೀಲ್ಡಿನ ಆಸ್ಪತ್ರೆಯ ಕತ್ತಲ ಕೋಣೆ.
ಮಧ್ಯಾಹ್ನ ನಾಲ್ಕಕ್ಕೇ ಬೀದಿದೀಪ ಹತ್ತುವ ತಿಂಗಳು.
ಪರದೆಯ ಮೇಲೆ ಓಲರೆನ್‌ಶಾ, ಅರವತ್ತೊಂದು,
ಚಾಕು ಸಾಣೆ ಹಿಡಿಯುವ ಕಸುಬು.
ಟ್ರ್ಯಾಮಿನ ಮೆಟ್ಟಿಲಲ್ಲಿ ಜಾರಿ ತಲೆ ಬಡಿದುಕೊಂಡು ಬಂದವನು.
ಪೆಟ್ಟಿನಿಂದ ಏನೂ ಆಗಿಲ್ಲ.
ಪೆಟ್ಟಿಗೆ ಸಂಬಂಧವೇ ಇಲ್ಲದ್ದೊಂದು ಕಂಡಿದೆ.

ಎಡ ಹಣೆಯ ಹಿಂದೆ
ಹಿಪ್ಪುನೇರಳೆ ಹಣ್ಣಿನಷ್ಟು,
ಹಣ್ಣಿನ ಹಾಗೇ ಗುಳ್ಳೆ ಗುಳ್ಳೆ.
ಸುತ್ತ ಕಪ್ಪು ಅಂಚು: ಎಂದೋ ಒಸರಿದ ರಕ್ತ
ಬಿಟ್ಟುಹೋದ ಕಬ್ಬಿಣ.
ನಲವತ್ತು ವರ್ಷ ಉಕ್ಕಿನ ತುಕ್ಕು ಬಿಡಿಸಿದವನ ತಲೆಯೊಳಗೆ
ಅವನ ಕೈಗೆ ಸಿಗದ ತುಕ್ಕು.

ನರಕ್ಕೆ ಮದ್ದು ಏರಿದ ಮೇಲೆ ಪಕ್ಕದಲ್ಲೇ ಎದ್ದಿತು ಇನ್ನೊಂದು:
ಗಾಳಿಗೆ ಮಗುಚಿದ ಕೊಡೆಯ ಕಡ್ಡಿಗಳಂತೆ
ಸಣ್ಣ ಸಿರೆಗಳೆಲ್ಲ ಒಂದೇ ಕಾವಿಗೆ ಕೂಡಿಕೊಂಡದ್ದು.
ಪುಸ್ತಕದಲ್ಲಿ ಇದು ಹಾವುಗೂದಲ ಹೆಣ್ಣಿನ ತಲೆ.
ನನಗೆ ಕೊಡೆ ಸಾಕು; ಈ ಊರಲ್ಲಿ ವಾರಕ್ಕೊಂದು ಮುರಿಯುತ್ತದೆ.

ಚಿತ್ರ ನೋಡಿಯೇ ಹೋಗುತ್ತೇನೆಂದು ಬಾಗಿಲಲ್ಲಿ ನಿಂತ.
"ಇದು ಯಾವ ತಳಿ, ಡಾಕ್ಟರ್?"
ನಾಯಿಮರಿಯ ಬಗ್ಗೆ ಕೇಳುವ ಹಾಗೆ.
ನನ್ನ ಕಿವಿಗೆ ಅದು ಜಾತಿ ಎಂದೇ ಬಿತ್ತು.
ಯಾರದ್ದೂ ಜಾತಿ ಕೇಳಬೇಡ ಅನ್ನಿಸಿಕೊಂಡು ಬೆಳೆದವಳು
ದಿನಕ್ಕೆ ನಲವತ್ತು ತಲೆಗಳ ಜಾತಿ ಬರೆಯುತ್ತೇನೆ.

ಹರಿವು ಎಷ್ಟು ಜೋರು, ಮೊದಲು ಅದು.
ಧಮನಿ ನೇರ ಸಿರೆಗೆ ನುಗ್ಗಿದ್ದರೆ
ಇಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಫೋನಿರುತ್ತಿತ್ತು.
ಇಲ್ಲಿ ಹಾಗಿಲ್ಲ. ಇದು ನಿಧಾನದವರ ಕುಲ.
ಇವರಲ್ಲೇ ಒಬ್ಬಳು, ಕುಂಚ ಸವರಿದಷ್ಟು ತೆಳ್ಳಗೆ,
ಮಿದುಳಕಾಂಡದಲ್ಲಿ ಕೂತಿರುತ್ತಾಳೆ ಸದ್ದಿಲ್ಲದೆ;
ಆ ತಲೆಯವನು ತೊಂಬತ್ತಕ್ಕೆ ಇನ್ನೇನರಿಂದಲೋ ಸತ್ತಾಗ
ಜೊತೆಗೆ ಹೋಗುತ್ತಾಳೆ.

ಹಳೆಯ ವರದಿಗಳು ಇವನ್ನೆಲ್ಲ ಗಡ್ಡೆ ಅಂದವು.
ಈಗ ವಿಕೃತಿ ಅನ್ನುತ್ತೇವೆ.
ಕನ್ನಡದಲ್ಲಿ ಅಂದುಕೊಂಡರೆ ಬಾಯಿ ಕಹಿಯಾಗುತ್ತದೆ.
ಗರ್ಭದಲ್ಲಿ ಎಂದೋ ಒಂದು ದಾರಿ ಮುಚ್ಚಿತು,
ರಕ್ತ ಸಿಕ್ಕ ದಾರಿ ಹಿಡಿದು ಮನೆ ಸೇರಿತು.
ಅಷ್ಟೇ ತಾನೆ?

ಅವನು ಕೊಡೆಯ ಮೇಲೆ ಬೆರಳಿಟ್ಟ.
"ಇದನ್ನು ಕೊಯ್ದು ಬಿಸಾಕಿ. ಅಲಗು ಬೇಕಾದರೆ ನಾನೇ ಕೊಡುತ್ತೇನೆ."

ನಾನು ರೈಲು ನಿಲ್ದಾಣದ ಮಾತು ತೆಗೆದೆ.
ಪ್ಲಾಟ್‌ಫಾರ್ಮಿನ ಕೆಳಗೆ ಇಟ್ಟಿಗೆ ಕಮಾನಿನೊಳಗೆ
ಊರಿಗೆ ಹೆಸರು ಕೊಟ್ಟ ಶೀಫ್ ಹೊಳೆ
ಕತ್ತಲಲ್ಲೇ ಹರಿಯುತ್ತದಲ್ಲ, ತನ್ನ ಪಾಡಿಗೆ,
ಅದನ್ನು ಕಟ್ಟಿಬಿಟ್ಟರೆ?

"ಮೇಲಿನ ಬೀದಿಯೆಲ್ಲ ಮುಳುಗುತ್ತೆ," ಅಂದ.
ಸ್ವಲ್ಪ ಹೊತ್ತು ಬಿಟ್ಟು:
"ಓ."

ಕೊಡೆಗೆ ಬರೆದೆ: ಮುಟ್ಟಬೇಡಿ.
ಹಣ್ಣಿಗೆ: ವರ್ಷ ಬಿಟ್ಟು ಮತ್ತೆ ನೋಡಿ.
ನಿರುಪದ್ರವಿ ಎಂದು ಹೊಡೆದೆ, ಅಳಿಸಿದೆ, ಮತ್ತೆ ಹೊಡೆದೆ,
ಮುಂದೆ ಸದ್ಯಕ್ಕೆ ಸೇರಿಸಿದೆ.
ತುಕ್ಕು ಯಾರಿಗೂ ಮಾತು ಕೊಡುವುದಿಲ್ಲ.

ಹೋಗುವಾಗ ಅವನು ಹೆಬ್ಬೆರಳಿಂದ ಹಣೆ ಸವರಿಕೊಂಡ,
ಹರಿತ ನೋಡುವವರು ಅಲಗನ್ನು ಸವರುವ ಹಾಗೆ,
ಉದ್ದಕ್ಕಲ್ಲ,
ಅಡ್ಡಕ್ಕೆ.