ಒಂದೇ ಪೊರಕೆ

ಮಿತ್ಲಾ ಊರಿನಲ್ಲಿ ನಬೋರ್ ಗುಡಿಸುತ್ತಾನೆ.
ಬೆಳಿಗ್ಗೆ ಇಗರ್ಜಿಯ ಅಂಗಳ,
ಊಟವಾದ ಮೇಲೆ ಪಾಳು ಅರಮನೆ.
ಸಂಬಳ ಎರಡು ಕಡೆಯಿಂದ,
ಪೊರಕೆ ಒಂದೇ.

ಧೂಳಿಗೆ ಯಾವ ಧರ್ಮ ಅಂತ
ಏನೋ ದೊಡ್ಡ ಮಾತು ಆಡಹೊರಟೆ.
ಕಾಲೆತ್ತಿ, ಅಂದ.
ನಾನು ನಿಂತಷ್ಟು ಜಾಗ ಗುಡಿಸುವುದು ಬಾಕಿಯಿತ್ತು.

ಇಗರ್ಜಿಯ ಗುಮ್ಮಟ ಕೆಂಪು,
ಕೆಳಗಿನ ಗೋಡೆ ಮಾತ್ರ ಹಳೆಯ ಬೂದು.
ಕಿತ್ತ ಕಲ್ಲನ್ನು ಕಿತ್ತಲ್ಲೇ ಕಟ್ಟಿದ್ದಾರೆ.
ಸ್ಪೇನಿನವರು ಸೋಮಾರಿಗಳು, ದೂರದ ಕಲ್ಲು ಅವರಿಗೆ ಬೇಡ,
ಎನ್ನುತ್ತಾನೆ ನಬೋರ್.
ಹತ್ತಿರದ್ದನ್ನೂ ಹೊತ್ತವರು ನಮ್ಮವರೇ ಅನ್ನು.

ಪಡುವಣ ಮೂಲೆಯಲ್ಲಿ, ಮೊಣಕಾಲಿನ ಎತ್ತರಕ್ಕೆ,
ಒಂದು ಕಲ್ಲು ತಲೆಕೆಳಗು.
ಆಚೆ ಅರಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ
ಸುರುಳಿ ಸುತ್ತಿಕೊಳ್ಳುವ ಗೆರೆ
ಇಲ್ಲಿ ಇಳಿದು ಸುತ್ತಿಕೊಳ್ಳುತ್ತದೆ.
ಅವನ ಅಜ್ಜಿ ಪೊರ್ಫಿರಿಯಾ ಬಲಿಪೂಜೆಗೆ ಬಂದರೆ
ಪೀಠದ ಎದುರಿಗಲ್ಲ,
ಈ ಕಲ್ಲಿನ ಮಗ್ಗುಲಲ್ಲಿ ಮಂಡಿಯೂರುತ್ತಿದ್ದಳಂತೆ.
ಹಿಂದೆಯೇ ಉಳಿಯುವ ಅವಳ ವಿನಯದ ಮೇಲೆ
ಪಾದ್ರಿಗೆ ಬಹಳ ಗೌರವ.

ಯಾರಿಗೆ ಕೈಮುಗಿಯುತ್ತಿದ್ದಳು? ಕೇಳಿದೆ.
ಮಂಡಿನೋವು. ಅಲ್ಲಿ ನೆಲ ತಂಪು.
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.
ಆಮೇಲೆ ನೋಡಿದರೆ
ಅಲ್ಲಿ ಅಡ್ಡಗೋಡೆ ನಿಜವಾಗಿಯೂ ಇತ್ತು, ಮೋಟು ಗೋಡೆ,
ಅದರ ಮೇಲೆ ಉರಿದು ಮುಗಿದ ಮೇಣ
ಎರಡೂ ಬದಿಗೆ ಇಳಿದು ಗಟ್ಟಿಯಾಗಿತ್ತು.

ಮಧ್ಯಾಹ್ನ ಪಾಳಿನ ಹೊಟ್ಟೆಗೆ ಕತ್ತು ಬಗ್ಗಿಸಿ ಇಳಿದೆ.
ಗೋರಿ. ನಡುವೆ ಒಂದು ಕಂಬ. ಸುತ್ತ ಹಗ್ಗ.
ಹಗ್ಗ ಇಲ್ಲದ ಕಾಲದಲ್ಲಿ ಕಂಬವನ್ನು ತಬ್ಬುತ್ತಿದ್ದರು.
ಎರಡು ಕೈಗಳ ನಡುವೆ ಕೂಡದೆ ಉಳಿದ ತೆರಪು
ಎಷ್ಟು ಬೆರಳಗಲವೋ
ಅಷ್ಟು ವರುಷ ಬಾಕಿ.
ಅಂದರೆ ಕೈ ಉದ್ದವಿದ್ದವರು ಬೇಗ ಹೋಗುತ್ತಾರೆ.
ನನ್ನವು ಉದ್ದ.
ಜೇಬಿಗೆ ಹಾಕಿಕೊಂಡೆ.

ನಬೋರನ ಹೆಂಡತಿ ಒದಿಲಿಯಾ
ಎಂಟು ತಿಂಗಳ ಬಸುರಿಯಾಗಿ ತಬ್ಬಿದ್ದಳು.
ಹೊಟ್ಟೆ ಅಡ್ಡ ಬಂತು, ಕೈ ಎಲ್ಲಿ ಕೂಡೀತು?
ಅತ್ತೆ ಬೆರಳಿಟ್ಟು ಬೆರಳಿಟ್ಟು ಎಣಿಸಿದಳು, ನಡುವೆ ಲೆಕ್ಕ ತಪ್ಪಿ
ಮತ್ತೆ ಮೊದಲಿನಿಂದ:
ಐವತ್ತೆಂಟು.

ಆ ಹೊಟ್ಟೆಯೊಳಗಿದ್ದವಳು ಜೆನೈದಾ
ಈಗ ಗೇಟಿನಲ್ಲಿ ಟಿಕೇಟು ಹರಿಯುತ್ತಾಳೆ.
ಎದುರಿಗೇ ಟಾರ್ಪಾಲಿನ ಕೆಳಗೆ ತಾಯಿಯ ಶಾಲಿನ ಅಂಗಡಿ.
ಗಿರಾಕಿ ಇಲ್ಲದ ಹೊತ್ತು ರಸ್ತೆಯ ಆಚೆಗೂ ಈಚೆಗೂ
ಒಂದೇ ಜಗಳ.
ಐವತ್ತೆಂಟರಲ್ಲಿ ನನ್ನ ಪಾಲೆಷ್ಟು?
ಕೈ ನನ್ನದು ಕಣೇ.
ತೆರಪು ನನ್ನದಲ್ಲವಾ.

ಹುರಿದ ಮಿಡತೆಯ ಬುಟ್ಟಿ ಹೊತ್ತ ಹುಡುಗ
ಇಬ್ಬರ ನಡುವೆ ನಿಂತು ನಗುತ್ತಿದ್ದ,
ನಿಂಬೆಹುಳಿ ಹಿಂಡಿ, ಉಪ್ಪು ಉದುರಿಸಿ ನನಗೂ ಕೊಟ್ಟ.
ಕಣ್ಣು ಮುಚ್ಚಿ ತಿಂದೆ. ಕುರುಕಲು.

ಶಾಲು ಒಂದು ಕೊಂಡೆ.
ಅದರಲ್ಲೂ ಅದೇ ಗೆರೆ, ಮೆಟ್ಟಿಲು, ಸುರುಳಿ.
ಇದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?
ಚಳಿ ಬಂದ ಕಡೆ ಹೊದ್ದುಕೋ, ಅಂದಳು ಒದಿಲಿಯಾ,
ಚಿಲ್ಲರೆ ಎಣಿಸುತ್ತಾ.

ಆರರ ಗಂಟೆ ಹೊಡೆಯಿತು.
ನಬೋರ್ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ
ಶಿಲುಬೆ ಎಳೆದುಕೊಂಡ,
ಹೊಸ್ತಿಲು ದಾಟುವಾಗ
ಕಲ್ಲನ್ನೊಮ್ಮೆ ಮುಟ್ಟಿದನೋ, ಒರಗಿದನೋ,
ನಾನಿದ್ದ ಕಡೆಯಿಂದ ತಿಳಿಯಲಿಲ್ಲ.

ಬಸ್ಸಿನ ಕಿಟಕಿ ಮುಚ್ಚುವುದಿಲ್ಲ. ಚಳಿ.
ಶಾಲು ಹೊದ್ದು ನನ್ನನ್ನೇ ತಬ್ಬಿಕೊಂಡೆ.
ಬೆನ್ನ ಹಿಂದೆ ಕೈ ಕೂಡಲಿಲ್ಲ.
ತೆರಪು ಎಷ್ಟೋ.
ಅಳೆಯಲು ಇನ್ನೊಬ್ಬರ ಬೆರಳು ಬೇಕು.
ಪಕ್ಕದ ಮುದುಕ ಟೋಪಿಯನ್ನು ಮುಖಕ್ಕೆ ಎಳೆದುಕೊಂಡು
ಆಗಲೇ ನಿದ್ದೆಹೋಗಿದ್ದ.
ಎಬ್ಬಿಸಲಿಲ್ಲ.